ಹಿತ್ತಲಲ್ಲೊಂದು ಪಳ್ಳ: ಪದವಿನ ಅಪರೂಪದ ನೀರುಗಿಡಗಳಿಗೆ ಮಳೆಗಾಲದ ಮನೆ ಮಾಡಿಕೊಡುವುದು ಹೇಗೆ?

ಮಣಿಪಾಲಕ್ಕೆ ಆ ಹೆಸರು ಬಂದದ್ದು ಮಣ್ಣಪಳ್ಳ ಅನ್ನುವ ಕೆರೆಯಿಂದ. ಕರಾವಳಿಯಲ್ಲಿ ಪಳ್ಳ ಅಂದರೆ ನೀರು ನಿಲ್ಲುವ ತಗ್ಗು. ಉಡುಪಿಯಿಂದ ಕಾಸರಗೋಡು, ಕಣ್ಣೂರಿನವರೆಗೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪದವುಗಳ, ಅಂದರೆ ಮರವಿಲ್ಲದ ಚಪ್ಪಟೆ ಗುಡ್ಡಗಳ ಮೇಲೆ ಇಂಥ ಪಳ್ಳಗಳು ಬೇಕಾದಷ್ಟಿವೆ. ಕೆಲವು ಚಾಪೆಯಷ್ಟು ಅಗಲ, ಕೆಲವು ಗದ್ದೆಯಷ್ಟು. ಜೂನ್‌ನಲ್ಲಿ ತುಂಬುತ್ತವೆ. ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆದು ಸ್ವಲ್ಪ ಬಿಸಿಲು ಬಿದ್ದದ್ದೇ ತಡ, ಹೂವಿನ ಹಾಸು. ಫೆಬ್ರವರಿಗೆ ಹೋಗಿ ನೋಡಿದರೆ ಬರೀ ಕಪ್ಪು ಕಲ್ಲು ಮತ್ತು ಬಿರುಕು ಬಿಟ್ಟ ಕೆಸರು.

ಈ ಪಳ್ಳಗಳಲ್ಲಿ ಬೆಳೆಯುವ ಗಿಡಗಳು ಸಣ್ಣವು. ಬಗ್ಗಿ ನೋಡದೆ ಕಾಣುವುದಿಲ್ಲ. ಬಿಳಿ ಗುಂಡಿಯಂಥ ಹೂವಿನ ಎರಿಯೊಕಾಲನ್, ಕೆಂಪು ದಂಟಿನ ರೊಟಾಲ, ಪುಟ್ಟ ನೈದಿಲೆಯಂತೆ ಎಲೆ ತೇಲಿಸುವ ನಿಂಫಾಯ್ಡಿಸ್, ಹುಳ ಹಿಡಿದು ತಿನ್ನುವ ಯುಟ್ರಿಕ್ಯುಲೇರಿಯ. ಇದರ ಒಂದು ನೀಲಿ ಜಾತಿಯನ್ನು ಉತ್ತರ ಮಲಬಾರಿನ ಮಕ್ಕಳು ಕಾಕ್ಕಪ್ಪೂವು ಅಂತ ಓಣಂ ರಂಗೋಲಿಗೆ ಕೊಯ್ಯುತ್ತಾರೆ. ಇವುಗಳಲ್ಲಿ ಕೆಲವು ಪಶ್ಚಿಮ ಕರಾವಳಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ರೊಟಾಲ ಮಲಬಾರಿಕ ಎಂಬ ಗಿಡಕ್ಕೆ ವಿಜ್ಞಾನಿಗಳು ಹೆಸರಿಟ್ಟದ್ದು 1990ರಲ್ಲಿ. ಕಣ್ಣೂರು ಜಿಲ್ಲೆಯ ಇಂಥದ್ದೇ ಕೊಳದ ಗಿಡ ಅದು. ಈಗ ಅತಿ ಹೆಚ್ಚು ಅಪಾಯದಲ್ಲಿರುವ ಗಿಡಗಳ ಕೆಂಪು ಪಟ್ಟಿಯಲ್ಲಿದೆ.

ಅಪಾಯ ಯಾವುದು ಅಂತ ಹೇಳಬೇಕಾಗಿಲ್ಲ. ಕಲ್ಲುಕೋರೆ, ಲೇಔಟು, ಜೆಸಿಬಿ. ಪದವುಗಳನ್ನು ಎಲ್ಲರೂ "ಬೋಳುಗುಡ್ಡೆ" ಅಂತಲೇ ನೋಡುವುದು. ಮಳೆಗಾಲದಲ್ಲಿ ಅಲ್ಲಿ ಕಾಲಿಟ್ಟವರು ಕಡಿಮೆ.

ಹಿತ್ತಲಲ್ಲಿ ನಾವು ಮಾಡುವ ಪಳ್ಳ ಪದವಿಗೆ ಬದಲಿ ಆಗುವುದಿಲ್ಲ. ಅದು ನೆರೆ ಬಂದಾಗಿನ ಗಂಜಿ ಕೇಂದ್ರದ ಹಾಗೆ. ಜೀವ ಉಳಿಯುತ್ತದೆ, ಅಷ್ಟೆ. ಹಾಗಾಗಿ "ಇಲ್ಲಿ ಕೋರೆ ಮಾಡಿ, ಗಿಡ ಅಲ್ಲಿ ಬೆಳೆಸೋಣ" ಅಂತ ಯಾರಾದರೂ ಬಂದರೆ ಒಪ್ಪಬೇಡಿ.

ಮೊದಲು ಒಂದು ಮಾತು: ಒಣಗಲು ಬಿಡಿ

ಈ ಕೆಲಸ ಶುರು ಮಾಡಿದ ಬಹಳ ಜನ ಸೋಲುವುದು ಒಂದೇ ಕಡೆ. ನೀರು ಇಳಿಯುತ್ತಿದ್ದಂತೆ ಅಯ್ಯೋ ಪಾಪ ಅಂತ ಪೈಪು ಹಿಡಿಯುತ್ತಾರೆ. ನಾನೂ ಹಾಗೇ ಮಾಡಿದ್ದೆ. ಮೊದಲ ವರ್ಷ ಮಾರ್ಚ್‌ವರೆಗೂ ಬಾವಿ ನೀರು ಬಿಟ್ಟೆ. ಮರುವರ್ಷ ಹೊಂಡದ ತುಂಬ ಜೊಂಡು ಮತ್ತು ಪಾಚಿ. ಎರಿಯೊಕಾಲನ್ ಒಂದೂ ಏಳಲಿಲ್ಲ.

ಪದವಿನ ಗಿಡಗಳಲ್ಲಿ ಹೆಚ್ಚಿನವು ಒಂದೇ ಮಳೆಗಾಲದಲ್ಲಿ ಹುಟ್ಟಿ, ಹೂಬಿಟ್ಟು, ಬೀಜ ಉದುರಿಸಿ ಸಾಯುವಂಥವು. ಬೇಸಿಗೆಯನ್ನು ಅವು ಬೀಜವಾಗಿಯೋ ಗಡ್ಡೆಯಾಗಿಯೋ ಕಳೆಯುತ್ತವೆ. ಒಣಗುವುದರಿಂದ ಅವುಗಳಿಗೆ ಲಾಭವೇ. ಜೊಂಡು, ಅಂತರಗಂಗೆ, ಮೀನು, ಈ ಮೂರಕ್ಕೂ ಬೇಸಿಗೆ ದಾಟುವುದು ಕಷ್ಟ. ಅವು ಇಲ್ಲದ ಜಾಗದಲ್ಲಿ ಮಾತ್ರ ಈ ಸಣ್ಣ ಗಿಡಗಳು ಗೆಲ್ಲುವುದು. ವರ್ಷವಿಡೀ ನೀರಿರುವ ಚಂದದ ಕೊಳ ಬೇಕಿದ್ದರೆ ನೈದಿಲೆ ಟಬ್ಬು ಇಡಿ, ಅದು ಬೇರೆ ಕೆಲಸ.

ಜಾಗ ನೋಡುವುದು

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಪದವಿನಲ್ಲಿ ಮರದ ನೆರಳೇ ಇರುವುದಿಲ್ಲ ಅಲ್ವಾ? ಮರದ ಕೆಳಗೆ ಮಾಡಿದರೆ ಎಲೆ ಬಿದ್ದು ಕೊಳೆತು ನೀರು ಕಾಫಿ ಬಣ್ಣಕ್ಕೆ ತಿರುಗುತ್ತದೆ.

ಅಡಿಕೆ ತೋಟದಿಂದ ದೂರ ಇರಲಿ. ಕೊಳೆರೋಗಕ್ಕೆ ಜೂನ್-ಜುಲೈಯಲ್ಲಿ ಬೋರ್ಡೋ ಹೊಡೆಯುತ್ತೇವೆ. ಅದರಲ್ಲಿರುವುದು ಮೈಲುತುತ್ತು ಮತ್ತು ಸುಣ್ಣ. ಮೈಲುತುತ್ತಿನ ತಾಮ್ರ ನೀರುಗಿಡಗಳಿಗೆ ವಿಷ, ಸುಣ್ಣ ನೀರಿನ ಗುಣವನ್ನೇ ಬದಲಿಸುತ್ತದೆ. ನನ್ನ ಮೊದಲ ಹೊಂಡ ತೋಟದ ಅಂಚಿನಿಂದ ಇಪ್ಪತ್ತು ಅಡಿ ದೂರದಲ್ಲಿತ್ತು. ಸಾಕಾಗುತ್ತೆ ಅಂದುಕೊಂಡಿದ್ದೆ. ಗಾಳಿ ಅಂದುಕೊಳ್ಳಲಿಲ್ಲ. ಈಗಿನದ್ದು ಮನೆಯ ಇನ್ನೊಂದು ಬದಿಯಲ್ಲಿ, ತೋಟಕ್ಕಿಂತ ಎತ್ತರದಲ್ಲಿದೆ.

ಹಟ್ಟಿಯ (ದನದ ಕೊಟ್ಟಿಗೆಯ) ನೀರು, ಬಚ್ಚಲ ನೀರು, ಗೊಬ್ಬರ ಗುಂಡಿಯ ರಸ ಹರಿದು ಬರುವ ಜಾಗವೂ ಬೇಡ. ಪದವಿನ ನೀರು ಬಡವರ ಗಂಜಿಯ ಹಾಗೆ ತೆಳು. ಅದರಲ್ಲಿ ಸಾರವಿಲ್ಲ ಅಂತಲೇ ಯುಟ್ರಿಕ್ಯುಲೇರಿಯ ಹುಳ ಹಿಡಿಯಲು ಕಲಿತದ್ದು.

ಹಳೆ ಕಲ್ಲುಕೋರೆಯ ಗುಂಡಿ ನಿಮ್ಮದೇ ಜಾಗದಲ್ಲಿ ಇದ್ದರೆ ಒಳ್ಳೆಯ ಅವಕಾಶ. ಆದರೆ ಕೋರೆಯ ಗೋಡೆ ನೆಟ್ಟಗೆ, ಆಳ ಆಳೆತ್ತರ. ಮಳೆಗಾಲದಲ್ಲಿ ಮಕ್ಕಳು ಬಿದ್ದ ಸುದ್ದಿ ಕೇಳುತ್ತಲೇ ಇರುತ್ತೇವೆ. ಒಂದು ಬದಿಯನ್ನಾದರೂ ಕಲ್ಲುಪುಡಿ, ಮಣ್ಣು ತುಂಬಿಸಿ ಇಳಿಜಾರು ಮಾಡದೆ ಅಲ್ಲಿ ಯಾವ ಕೆಲಸವನ್ನೂ ಶುರು ಮಾಡಬೇಡಿ. ಸುತ್ತ ಬೇಲಿಯೂ ಇರಲಿ.

ನೀರು ನಿಲ್ಲುತ್ತದೆಯೇ?

ಮುರಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕನನ್. ಕೇರಳದ ಅಂಗಾಡಿಪುರಂನಲ್ಲಿ ಈ ಕಲ್ಲು ಕಡಿಯುವುದನ್ನು ನೋಡಿ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಬರೆದ. ಲ್ಯಾಟಿನ್‌ನಲ್ಲಿ ಲ್ಯಾಟರ್ ಅಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಕೂತಿದೆ ನೋಡಿ. ಈ ಕಲ್ಲಿನ ಮೇಲ್ಪದರ ಗಟ್ಟಿ, ಹಾಗಾಗಿ ಪದವಿನ ಮೇಲೆ ನೀರು ನಿಲ್ಲುತ್ತದೆ. ಆ ಪದರ ಒಡೆದರೆ ಕೆಳಗೆ ತೂತು ತೂತು. ನೀರು ಸೋರಿ ಹೋಗುತ್ತದೆ.

ಪರೀಕ್ಷೆ ಸುಲಭ. ಒಂದು ಅಡಿ ಆಳ, ಒಂದು ಅಡಿ ಅಗಲದ ಗುಂಡಿ ತೋಡಿ. ನೀರು ತುಂಬಿಸಿ, ಒಂದು ರಾತ್ರಿ ಬಿಡಿ. ಮೊದಲ ಸಲದ ನೀರನ್ನು ಮಣ್ಣು ಕುಡಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮರುದಿನ ಮತ್ತೆ ತುಂಬಿಸಿ, ಕಡ್ಡಿಯಲ್ಲಿ ಗುರುತು ಹಾಕಿ. ಇಪ್ಪತ್ತನಾಲ್ಕು ಗಂಟೆಯಲ್ಲಿ ಒಂದೆರಡು ಸೆಂಟಿಮೀಟರ್ ಇಳಿದರೆ ಜೇಡಿಮಣ್ಣು ಮೆತ್ತಿಯೇ ಕೆಲಸ ಸಾಗಿಸಬಹುದು. ಪೂರ್ತಿ ಖಾಲಿಯಾದರೆ ಪ್ಲಾಸ್ಟಿಕ್ ಹಾಳೆ ಬೇಕು.

ಜೇಡಿಮಣ್ಣು ಎಂಥದ್ದು ಅಂತ ಕೈಯಲ್ಲೇ ತಿಳಿಯುತ್ತದೆ. ಒದ್ದೆ ಮಾಡಿ ಅಂಗೈಯಲ್ಲಿ ಬತ್ತಿಯಂತೆ ಹೊಸೆಯಿರಿ. ಪೆನ್ಸಿಲಿನಷ್ಟು ತೆಳ್ಳಗೆ ಮಾಡಿ ಬಳೆಯಂತೆ ಬಗ್ಗಿಸಿದರೂ ಒಡೆಯದಿದ್ದರೆ ಒಳ್ಳೆಯ ಜೇಡಿ. ಅದನ್ನು ಹತ್ತು ಸೆಂಟಿಮೀಟರಿನಂತೆ ಮೂರು ಪದರ ಹಾಕಿ. ಪ್ರತಿ ಪದರವನ್ನೂ ಒದ್ದೆ ಮಾಡಿ ಚೆನ್ನಾಗಿ ತುಳಿಯಬೇಕು. ಮಕ್ಕಳಿಗೆ ಹೇಳಿ ನೋಡಿ, ಇದೊಂದು ಕೆಲಸಕ್ಕೆ ಕರೆಯದೆಯೂ ಬರುತ್ತಾರೆ.

ಒಂದು ತೊಡಕಿದೆ. ಬೇಸಿಗೆಯಲ್ಲಿ ಜೇಡಿ ಒಣಗಿ ಬಿರಿಯುತ್ತದೆ. ಮಳೆ ಬಂದಾಗ ಮತ್ತೆ ಉಬ್ಬಿ ಮುಚ್ಚಿಕೊಳ್ಳುತ್ತದೆ, ಆದರೆ ಪೂರ್ತಿ ಅಲ್ಲ. ಮೇಲೆ ನಾಲ್ಕು ಬೆರಳು ಮಣ್ಣು ಇದ್ದರೆ ಬಿರುಕು ಕಡಿಮೆ.

ಸಿಮೆಂಟು ಹಾಕುವ ಯೋಚನೆ ಬಿಟ್ಟುಬಿಡಿ. ಹೊಸ ಸಿಮೆಂಟಿನಿಂದ ಸುಣ್ಣ ಬಿಡುತ್ತಲೇ ಇರುತ್ತದೆ. ಹುಳಿ ಗುಣದ ಮೆದು ನೀರಿಗೆ ಒಗ್ಗಿದ ಗಿಡ ಅದರಲ್ಲಿ ಬಾಳುವುದಿಲ್ಲ.

ಅಗೆಯುವುದು: ಆಳವೇ ಕ್ಯಾಲೆಂಡರು

ಪತ್ತನಾಜೆಯ ಒಳಗೆ, ಅಂದರೆ ಸುಮಾರು ಮೇ 24ರೊಳಗೆ ಅಗೆತ ಮುಗಿದಿರಬೇಕು. ಮಳೆ ಶುರುವಾದ ಮೇಲೆ ಅಗೆದರೆ ಬರೀ ರಾಡಿ.

ನಾನು ಹೇಳುವ ಅಳತೆ 4 ಮೀಟರ್ ಉದ್ದ, 3 ಮೀಟರ್ ಅಗಲ, ಅತಿ ಆಳದ ಕಡೆ 40 ಸೆಂಟಿಮೀಟರ್. ಈ ನಲವತ್ತು ಎಲ್ಲಿಂದ ಬಂತು? ಮಳೆ ನಿಂತ ಮೇಲೆ ದಿನಕ್ಕೆ ಸುಮಾರು 4ರಿಂದ 5 ಮಿಲಿಮೀಟರ್ ನೀರು ಆವಿಯಾಗುತ್ತದೆ. ತಿಂಗಳಿಗೆ 12ರಿಂದ 15 ಸೆಂಟಿಮೀಟರ್. ನವೆಂಬರ್ ಶುರುವಿನಲ್ಲಿ ತುಂಬಿದ್ದ ಹೊಂಡ ಜನವರಿ ಕೊನೆಗೆ, ಹೆಚ್ಚೆಂದರೆ ಫೆಬ್ರವರಿಗೆ ಬರಿದಾಗುತ್ತದೆ. ನಮಗೆ ಬೇಕಾದ್ದೂ ಅದೇ. ಒಂದು ಮೀಟರ್ ಆಳ ಅಗೆದರೆ ಈ ಲೆಕ್ಕವೆಲ್ಲ ತಲೆಕೆಳಗು.

ಅಂಚು ಬಟ್ಟಲಿನ ಹಾಗಿರಬಾರದು, ತಟ್ಟೆಯ ಹಾಗಿರಬೇಕು. ಒಂದು ಬದಿಯಿಂದ ಶುರುವಾಗಿ ನಿಧಾನವಾಗಿ ಇಳಿಯಲಿ. ಹೊಂಡದ ಅರ್ಧದಷ್ಟು ಜಾಗ ಹತ್ತು ಸೆಂಟಿಮೀಟರಿಗಿಂತ ಆಳ ಇರದಿದ್ದರೆ ಒಳ್ಳೆಯದು. ಅಪರೂಪದ ಗಿಡಗಳೆಲ್ಲ ಅಲ್ಲೇ ಬರುವುದು. ಆ ಭಾಗದಲ್ಲಿ ಹಿಡಿಗಾತ್ರದ ಮುರಕಲ್ಲುಗಳನ್ನು ಅಲ್ಲಲ್ಲಿ ಇಡಿ, ಬೊಗಸೆಯಷ್ಟು ತಗ್ಗುಗಳನ್ನು ಮಾಡಿ. ಪದವಿನಲ್ಲಿ ದನದ ಗೊರಸು ಮಾಡುವ ಕೆಲಸ ಇದು.

ಹಾಳೆ ಹಾಸುವುದಾದರೆ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಅಥವಾ ಅದಕ್ಕಿಂತ ದಪ್ಪದ ಸಿಲ್ಪಾಲಿನ್ ಪ್ಲಾಸ್ಟಿಕ್ ಸಾಕು. ನಮ್ಮ ಅಳತೆಗೆ 6 × 5 ಮೀಟರಿನ ಹಾಳೆ ಬೇಕಾಗುತ್ತದೆ. ಕೆಳಗೆ ಕಲ್ಲಿನ ಚೂರು ಆರಿಸಿ ತೆಗೆದು, ಎರಡು ಇಂಚು ಮರಳು ಹಾಕಿ, ಮೇಲೆ ಹಳೆ ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ತೊಳೆದು ಬಿಡಿಸಿ ಹಾಸಿ, ಆಮೇಲೆ ಹಾಳೆ. ಅಂಚನ್ನು ಕಣಿ ತೋಡಿ ಹೂತುಬಿಡಿ. ಬಿಸಿಲಿಗೆ ಕಂಡಷ್ಟೂ ಹಾಳೆ ಬೇಗ ಪುಡಿಯಾಗುತ್ತದೆ.

ಕೋಡಿ ಮರೆಯಬೇಡಿ. ನಮ್ಮಲ್ಲಿ ಒಂದೇ ದಿನ ನೂರು ಮಿಲಿಮೀಟರ್ ಸುರಿಯುವುದು ಹೊಸತಲ್ಲ. ತಗ್ಗಿನ ಬದಿಯಲ್ಲಿ ಒಂದಡಿ ಅಗಲದ ಜಾಗವನ್ನು ಎರಡು ಬೆರಳು ಕೆಳಗಿಟ್ಟು, ಜಲ್ಲಿಕಲ್ಲು ತುಂಬಿಸಿ. ನೀರು ಜಲ್ಲಿಯ ಮೂಲಕ ಮೆಲ್ಲಗೆ ಹೊರಗೆ ಹೋಗಬೇಕು, ಬೀಜ ಉಳಿಯಬೇಕು. ಹೊರಗೆ ಹೋದ ನೀರು ಇಂಗುಗುಂಡಿಗೋ ತೆಂಗಿನ ಬುಡಕ್ಕೋ ಹೋಗಲಿ. ತೋಡಿಗೆ (ಹಳ್ಳಕ್ಕೆ) ಸೇರಿಸಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಣ್ಣು ಮತ್ತು ನೀರು

ತಳಕ್ಕೆ ಮುರಕಲ್ಲಿನ ಪುಡಿ ಎರಡು ಪಾಲು, ಜೇಡಿಮಣ್ಣು ಒಂದು ಪಾಲು. ನಾಲ್ಕು ಬೆರಳು ದಪ್ಪ. ಹಟ್ಟಿಗೊಬ್ಬರ, ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಯಾವುದೂ ಬೇಡ. ಗಿಡ ನೆಡುವಾಗ ಒಂದು ಹಿಡಿ ಗೊಬ್ಬರ ಹಾಕುವುದು ನಮಗೆ ರಕ್ತದಲ್ಲೇ ಬಂದ ಅಭ್ಯಾಸ. ಇಲ್ಲಿ ಆ ಒಂದು ಹಿಡಿಯಿಂದ ಇಡೀ ಹೊಂಡ ಹಸಿರು ಪಾಚಿ.

ನೀರು ಮಳೆಯದ್ದೇ ಆಗಬೇಕು. ಕೊಳವೆಬಾವಿಯ ಗಡಸು ನೀರು, ನಲ್ಲಿಯ ಕ್ಲೋರಿನ್ ನೀರು ಬೇಡ. ಈ ಹೊಂಡದ ಸರಾಸರಿ ಆಳ 20 ಸೆಂಟಿಮೀಟರ್ ಅಂತಿಟ್ಟುಕೊಂಡರೆ ಹಿಡಿಯುವುದು 2,400 ಲೀಟರ್. ಐವತ್ತು ಚದರ ಮೀಟರ್ ಮಾಡಿನ ಮೇಲೆ ನೂರು ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್ ಆಗುತ್ತದೆ. ಜೂನ್‌ನ ಒಂದು ಜೋರು ವಾರ ಸಾಕು. ಮೊದಲ ಎರಡು ಮೂರು ಮಳೆಯ ನೀರನ್ನು ಮಾತ್ರ ಹೊರಗೆ ಬಿಡಿ. ಮಾಡಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಬರುತ್ತದೆ.

ಹೆಪ್ಪು ಹಾಕುವುದು

ಇದು ಈ ಕೆಲಸದ ಮುಖ್ಯ ಭಾಗ. ಗಿಡ ಕಿತ್ತು ತಂದು ನೆಡುವುದಲ್ಲ. ಹಾಲಿಗೆ ಹೆಪ್ಪು ಹಾಕಿದಂತೆ, ಹಳೆ ಪಳ್ಳದ ಒಣಕೆಸರನ್ನು ಹೊಸ ಪಳ್ಳಕ್ಕೆ ಹಾಕುವುದು. ಏಪ್ರಿಲ್-ಮೇ ತಿಂಗಳಲ್ಲಿ ಒಣಗಿದ ಪಳ್ಳದ ಮೇಲಿನ ಎರಡು ಮೂರು ಸೆಂಟಿಮೀಟರ್ ಮಣ್ಣಿನಲ್ಲಿ ವರ್ಷಗಟ್ಟಲೆಯ ಬೀಜ ಕೂಡಿಟ್ಟಿರುತ್ತದೆ. ಒಂದು ಬುಟ್ಟಿ ಮಣ್ಣು ತಂದರೆ ಹತ್ತಾರು ಜಾತಿ ಬಂದಂತೆ. ಜೊತೆಗೆ ಸಣ್ಣ ಸಿಗಡಿಯಂಥ ಹುಳಗಳ ಮೊಟ್ಟೆಯೂ ಬರುತ್ತದೆ.

ಎಲ್ಲಿಂದ ತರಬೇಕು? ಚೆನ್ನಾಗಿರುವ ಪಳ್ಳವನ್ನು ಕೆರೆಯಬೇಡಿ. ಕೋರೆಗೋ ಲೇಔಟಿಗೋ ಹೋಗುವುದು ಖಚಿತವಾದ ಜಾಗದಿಂದ, ಜಾಗದವರನ್ನು ಕೇಳಿ ತನ್ನಿ. ಅಂಥ ಕಡೆ ಎಷ್ಟು ತಂದರೂ ನಷ್ಟವಿಲ್ಲ, ಹೇಗೂ ಜೆಸಿಬಿ ಬರುತ್ತದೆ. ಪದವಿನ ಜಾಗ ಎಷ್ಟೋ ಕಡೆ ಸರ್ಕಾರದ್ದು ಅಥವಾ ಕುಮ್ಕಿ (ಪಟ್ಟಾ ಜಾಗಕ್ಕೆ ತಾಗಿದ, ಬಳಸುವ ಸವಲತ್ತು ಮಾತ್ರ ಇರುವ ಸರ್ಕಾರಿ ಜಾಗ). ಹಾಗಿದ್ದರೆ ಗ್ರಾಮ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಕೇಳಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಇಂಥ ಸಮಿತಿ ಇರಬೇಕು. ಕಾದಿಟ್ಟ ಅರಣ್ಯ, ಅಭಯಾರಣ್ಯಗಳಿಂದ ಅನುಮತಿಯಿಲ್ಲದೆ ಮಣ್ಣೂ ಮುಟ್ಟುವಂತಿಲ್ಲ.

ನಿಮ್ಮ ಊರಿಗೆ ಹತ್ತಿರದ ಪದವಿನ ಮಣ್ಣೇ ಆಗಲಿ. ಎರಡು ಬೇರೆ ಬೇರೆ ಊರಿನ ಮಣ್ಣನ್ನು ಒಂದೇ ಹೊಂಡಕ್ಕೆ ಹಾಕಬೇಡಿ. ಎಲ್ಲಿಯದ್ದು, ಯಾವ ದಿನ ತಂದದ್ದು, ಹೊಂಡ ಎಷ್ಟು ದೊಡ್ಡದಿತ್ತು, ಎಲ್ಲವನ್ನೂ ಬರೆದಿಡಿ. ನಾಳೆ ಯಾವುದಾದರೂ ಸಸ್ಯಶಾಸ್ತ್ರಜ್ಞರು ನಿಮ್ಮ ಹೊಂಡ ನೋಡಿದರೆ ಮೊದಲು ಕೇಳುವ ಪ್ರಶ್ನೆ ಅದೇ.

ತಂದ ಮಣ್ಣನ್ನು ಗೋಣಿಚೀಲದಲ್ಲಿ ನೆರಳಲ್ಲಿ ಒಣಗಿಸಿಯೇ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವರಿ ಬೂಸು ಬರುತ್ತದೆ. ಮಳೆಗೆ ಮೊದಲು ತೆಳ್ಳಗೆ, ಒಂದು ಬೆರಳು ದಪ್ಪ ಹರಡಿ. ಮೇಲೆ ಬೇರೆ ಮಣ್ಣು ಮುಚ್ಚಬೇಡಿ. ಎರಿಯೊಕಾಲನ್ ಬೀಜ ಧೂಳಿನಷ್ಟು ಸಣ್ಣದು, ಬೆಳಕು ಕಾಣದಿದ್ದರೆ ಏಳುವುದಿಲ್ಲ.

ಹೆಪ್ಪಿನ ಒಂದು ಹಿಡಿಯನ್ನು ಬೇರೆ ತಟ್ಟೆಯಲ್ಲಿ ನೀರು ಹಾಕಿ ಮೊದಲೇ ಮೊಳಕೆ ಬರಿಸಿ ನೋಡುವುದು ಜಾಣತನ. ಅಂತರಗಂಗೆಯಂಥ ಕಳೆಯ ಬೀಜ ಅದರಲ್ಲೇನಾದರೂ ಬಂದಿದ್ದರೆ ತಟ್ಟೆಯಲ್ಲೇ ಸಿಕ್ಕಿಬೀಳುತ್ತದೆ.

ಗಡ್ಡೆಯ ಗಿಡಗಳಿಗೆ ಈ ದಾರಿ ಆಗುವುದಿಲ್ಲ. ಅಪೊನೊಜೆಟಾನ್ ಎಂಬ ಗಡ್ಡೆಯ ನೀರುಗಿಡದ ಬೀಜ ಒಣಗಿದರೆ ಸತ್ತಿತು. ಹಣ್ಣಾದ ಕೂಡಲೇ ನೀರಲ್ಲೇ ಹಾಕಿಕೊಂಡು ತರಬೇಕು, ಕೆಸರಿನ ಮೇಲೆ ಬಿಟ್ಟರೆ ಕೆಲವೇ ದಿನದಲ್ಲಿ ಮೊಳೆಯುತ್ತದೆ. ಗಡ್ಡೆಯೇ ಸಿಕ್ಕಿದರೆ ಕುಡಿ ಮೇಲೆ ಕಾಣುವಂತೆ ನೆಡಿ, 20-30 ಸೆಂಟಿಮೀಟರ್ ಆಳದ ಕಡೆ. ನೈದಿಲೆಗೆ ಇನ್ನೂ ಆಳ ಬೇಕು, ಅದನ್ನು ಪಕ್ಕದಲ್ಲಿ ಬೇರೆ ಟಬ್ಬಿನಲ್ಲಿಡುವುದೇ ವಾಸಿ. ಈ ಹೊಂಡದಲ್ಲಿ ಬಿಟ್ಟರೆ ಅದರ ಎಲೆ ಎಲ್ಲರ ಬಿಸಿಲನ್ನೂ ಕಸಿಯುತ್ತದೆ.

ಏನನ್ನು ಒಳಗೆ ಬಿಡಬಾರದು

ಅಕ್ವೇರಿಯಂ ಅಂಗಡಿಯ ಗಿಡ, ನರ್ಸರಿಯ ಬಣ್ಣದ ನೈದಿಲೆ. 2020ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರ ಬಳಿ ಆವಳಪಾಂಡಿಯ ತೋಡು ಪೂರ್ತಿ ಗುಲಾಬಿ ಬಣ್ಣವಾಯಿತು. ಫೋಟೋ ತೆಗೆಯಲು ಜನ ಮುಗಿಬಿದ್ದರು. ಅದು ಕಬೋಂಬ, ದಕ್ಷಿಣ ಅಮೆರಿಕದ ಅಕ್ವೇರಿಯಂ ಗಿಡ. ತುಂಡಾದ ಒಂದೊಂದು ಗೆಣ್ಣೂ ಹೊಸ ಗಿಡ. ಜನ ಕೈಯಲ್ಲಿ ಹಿಡಿದುಕೊಂಡು ಹೋದದ್ದು ಎಲ್ಲೆಲ್ಲಿ ಬೇರು ಬಿಟ್ಟಿತೋ. ನಿಮ್ಮ ಕೋಡಿಯ ನೀರು ತೋಡಿಗೆ ಹೋಗಬಾರದು ಅಂದದ್ದು ಇದಕ್ಕೇ. ನಮಗೆ ತಿಳಿಯದೆ ಏನಾದರೂ ಒಳಗೆ ಬಂದಿದ್ದರೂ ಹೊರಗೆ ಹೋಗದಿರಲಿ.

ಮೀನೂ ಬೇಡ. ಸೊಳ್ಳೆಮರಿ ತಿನ್ನಲು ಗಂಬೂಸಿಯ, ಗಪ್ಪಿ ಮೀನು ಬಿಡಿ ಅಂತ ಸಲಹೆ ಬಂದೇ ಬರುತ್ತದೆ. ಗಂಬೂಸಿಯ ಗೊದಮೊಟ್ಟೆಯನ್ನೂ ಬಿಡುವುದಿಲ್ಲ. ಗೆಂಡೆ ಮೀನು ತಳವನ್ನೇ ಬಗೆದು ಹಾಕುತ್ತದೆ.

ಹಾಗಾದರೆ ಸೊಳ್ಳೆ? ಪಕ್ಕದ ಮನೆಯವರು ಕೇಳುವ ಮೊದಲ ಮಾತು ಇದು, ಕೇಳುವುದು ತಪ್ಪೂ ಅಲ್ಲ. ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿ, ಬೆನ್ನು ಕೆಳಗೆ ಹಾಕಿ ಈಜುವ ನೀರುತಿಗಣೆ ಮೂರು ನಾಲ್ಕು ವಾರದಲ್ಲಿ ತಾವಾಗಿ ಬರುತ್ತವೆ. ತಿಗಣೆ, ಚಿಟ್ಟೆಮರಿಗಳಿಗೆ ಸೊಳ್ಳೆಮರಿಯೇ ಊಟ. ಅಷ್ಟರವರೆಗೆ ವಾರಕ್ಕೊಮ್ಮೆ ಲೋಟದಲ್ಲಿ ನೀರು ಎತ್ತಿ ನೋಡಿ. ಸೊಳ್ಳೆಮರಿ ಜಾಸ್ತಿ ಕಂಡರೆ ಬಿಟಿಐ ಅನ್ನುವ ಬ್ಯಾಕ್ಟೀರಿಯಾದ ಪುಡಿ ಸಿಗುತ್ತದೆ, ಗಿಡಕ್ಕೂ ಕಪ್ಪೆಗೂ ತೊಂದರೆ ಇಲ್ಲ. ಡೆಂಗಿ ಸೊಳ್ಳೆಗೆ ಇಷ್ಟವಾದ ಮನೆ ಮಾತ್ರ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಚಿಪ್ಪು, ಹಳೆ ಟಯರು. ಅವನ್ನು ಮಗುಚಿ ಹಾಕದೆ ಹೊಂಡದ ಮೇಲೆ ದೂರು ಹೇಳಿ ಏನು ಪ್ರಯೋಜನ?

ವರ್ಷದ ಕೆಲಸ

ಜುಲೈ ಪೂರ್ತಿ ಸುಮ್ನೆ ನೋಡುತ್ತಾ ಇರಬೇಕು. ಮೊದಲು ಹುಲ್ಲಿನಂತೆ ಏನೋ ಏಳುತ್ತದೆ. ಕಳೆ ಅಂತ ಕೀಳಬೇಡಿ. ಎರಿಯೊಕಾಲನ್ ಸಸಿ ಹುಲ್ಲಿನ ಸಣ್ಣ ಬುಡದಂತೆಯೇ ಕಾಣುತ್ತದೆ. ಐಸೊಯಿಟಿಸ್ ಅಂತೂ ಹೂವೇ ಬಿಡದ ಗಿಡ, ನೋಡಲು ಈರುಳ್ಳಿ ಸಸಿ. ಹೂ ಬರುವವರೆಗೆ ಏನನ್ನೂ ಕೀಳುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿ.

ಆಗಸ್ಟ್‌ನಿಂದ ಅಕ್ಟೋಬರ್ ಹೂವಿನ ಕಾಲ. ಒಂದೇ ಜಾಗದಲ್ಲಿ ನಿಂತು ವಾರಕ್ಕೊಂದು ಫೋಟೋ ತೆಗೆಯಿರಿ. ಗುರುತು ಹಾಕಿದ ಕೋಲು ನೆಟ್ಟು ನೀರಿನ ಮಟ್ಟ ಬರೆದುಕೊಳ್ಳಿ. ಜಾತಿ ಗುರುತಿಸಲು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ಅಧ್ಯಾಪಕರನ್ನು ಕರೆಯಿರಿ. ಎರಿಯೊಕಾಲನ್ ಜಾತಿಗಳನ್ನು ಬೇರ್ಪಡಿಸಲು ಹೂವನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ನೋಡಬೇಕು, ಮೊಬೈಲ್ ಆ್ಯಪ್ ಇದರಲ್ಲಿ ಹೇಳುವುದನ್ನು ನಂಬಬೇಡಿ. ಕೋಝಿಕ್ಕೋಡಿನ ಮಲಬಾರ್ ಬೊಟಾನಿಕಲ್ ಗಾರ್ಡನ್ ನೀರುಗಿಡಗಳ ಸಂರಕ್ಷಣೆಯಲ್ಲೇ ಹೆಸರು ಮಾಡಿದ ಜಾಗ. ಒಮ್ಮೆ ಹೋಗಿ ನೋಡಿ ಬಂದರೆ ಕಣ್ಣು ಪಳಗುತ್ತದೆ.

ದೀಪಾವಳಿ ಹೊತ್ತಿಗೆ ಬೀಜ. ಒಣಗಿದ ಹೂಗುಂಡಿಗಳಲ್ಲಿ ಹತ್ತಕ್ಕೆ ಒಂದನ್ನು ಕೊಯ್ದು ಕಾಗದದ ಲಕೋಟೆಯಲ್ಲಿ ಹೆಸರು, ದಿನ ಬರೆದು ಇಡಿ. ಉಳಿದದ್ದು ಅಲ್ಲೇ ಉದುರಲಿ. ಇದು ಅಡ್ಡ ವಿಮೆ. ಒಂದು ವರ್ಷ ಮಳೆ ಕೈಕೊಟ್ಟರೆ, ಇಲ್ಲವೇ ಹೆಗ್ಗಣ ಹಾಳೆ ಕೊರೆದರೆ, ಮತ್ತೆ ಶುರು ಮಾಡಲು ಏನಾದರೂ ಬೇಕಲ್ಲ.

ಜನವರಿಯಲ್ಲಿ ನೀರು ಇಳಿದಂತೆ ಅಂಚಿನಿಂದ ಹುಲ್ಲು ಒಳಗೆ ನುಗ್ಗುತ್ತದೆ. ಕತ್ತಿಯಲ್ಲಿ ಬುಡಕ್ಕೆ ಕೊಯ್ದು ಹೊರಗೆ ಒಯ್ಯಿರಿ, ಅಲ್ಲೇ ಬಿಟ್ಟರೆ ಗೊಬ್ಬರವಾಗುತ್ತದೆ. ಪದವಿನಲ್ಲಿ ಈ ಕೆಲಸವನ್ನು ದನಗಳೂ ಮುಳಿಹುಲ್ಲು ಕೊಯ್ಯುವವರೂ ಮಾಡುತ್ತಿದ್ದರು. ಈಗ ದನ ಹಟ್ಟಿಯಲ್ಲೇ ಇರುವುದರಿಂದ ಎಷ್ಟೋ ಪಳ್ಳಗಳು ಹುಲ್ಲಿನಲ್ಲೇ ಮುಚ್ಚಿಹೋಗುತ್ತಿವೆ. ನಿಮ್ಮಲ್ಲಿ ದನವಿದ್ದರೆ, ಜೇಡಿಯ ಹೊಂಡವಾದರೆ, ಒಣಗಿದ ಮೇಲೆ ಒಂದೆರಡು ದಿನ ಮೇಯಲು ಬಿಡಿ. ಹಾಳೆಯ ಹೊಂಡಕ್ಕೆ ಮಾತ್ರ ಬೇಡ, ಗೊರಸಿಗೆ ಹರಿಯುತ್ತದೆ.

ಮಾರ್ಚ್‌ನಿಂದ ಮೇವರೆಗೆ ಅದು ಹೊಂಡದಂತೆಯೇ ಕಾಣುವುದಿಲ್ಲ. ಬಂದವರು ಕಸ ಸುರಿಯುತ್ತಾರೆ, ಯಾರೋ ಒಂದು ಬೈಕು ನಿಲ್ಲಿಸುತ್ತಾರೆ. ನಾಲ್ಕು ಮೂಲೆಗೆ ಮುರಕಲ್ಲು ಇಟ್ಟು ಒಂದು ಹಗ್ಗ ಕಟ್ಟಿ. ನಮ್ಮ ಮನೆಯಲ್ಲಿ ಅದಕ್ಕೊಂದು ಬೋರ್ಡೂ ಇದೆ: "ಗುಡಿಸಬೇಡಿ, ಬೀಜ ಮಲಗಿದೆ".

ಎರಡನೇ ಮಳೆಗಾಲದಲ್ಲಿ ಮೊದಲ ವರ್ಷ ಕಾಣದ ಗಿಡಗಳು ಏಳಬಹುದು, ಕಂಡವು ಮಾಯವಾಗಬಹುದು. ಮೂರು ವರ್ಷ ಎಣಿಕೆ ಇಟ್ಟ ಮೇಲಷ್ಟೇ ಯಾವುದು ನೆಲೆ ನಿಂತಿದೆ ಅಂತ ಹೇಳಲು ಬರುವುದು. ನೆಲೆ ನಿಂತ ಮೇಲೆ ಮೇ ತಿಂಗಳಲ್ಲಿ ಒಂದು ಪಾವು ಒಣಕೆಸರು ಕೆರೆದು, ಅದೇ ಊರಿನ ಇನ್ನೊಂದು ಮನೆಗೆ ಹೆಪ್ಪಿಗೆ ಕೊಡಿ. ಹಳೆಯ ಚೀಟಿಯನ್ನೂ ಜೊತೆಗೆ ಕಟ್ಟಿ ಕೊಡಿ: ಯಾವ ಪದವಿನದ್ದು, ಯಾವ ವರ್ಷ ತಂದದ್ದು.